ಚಿಕ್ಕಮಗಳೂರು, 1978: ಋಣವೋ ಹಕ್ಕೋ?

ಸ್ವೀಡನ್ನಿನಲ್ಲಿ ಜನಪ್ರಿಯವಾದಿ ರಾಜಕಾರಣದ ಚರ್ಚೆ ಈಗ ನಿತ್ಯದ ಮಾತು. 2010ರಲ್ಲಿ ಶೇ. 5.7ರಷ್ಟು ಮತ ಪಡೆದು ಸಂಸತ್ತನ್ನು ಪ್ರವೇಶಿಸಿದ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷ 2022ರಲ್ಲಿ ಶೇ. 20.5ಕ್ಕೇರಿ, ಸರ್ಕಾರದ ಊರುಗೋಲಾಯಿತು. ಅದಕ್ಕೆ ಮತ ಹಾಕಿದವರನ್ನು ತಿಳಿಗೇಡಿಗಳೆಂದು ತಳ್ಳಿಹಾಕುವ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ 1978ರ ಚಿಕ್ಕಮಗಳೂರು ನೆನಪಾಗುತ್ತದೆ.

ತುರ್ತುಪರಿಸ್ಥಿತಿ ಮುಗಿದು ಇಪ್ಪತ್ತು ತಿಂಗಳೂ ಕಳೆದಿರಲಿಲ್ಲ. ಆ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಬೆಂಗಳೂರಿನ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡ ಸ್ನೇಹಲತಾ ರೆಡ್ಡಿಯವರ ನಾಡಿನಲ್ಲಿ ಜನ ಎಲ್ಲವನ್ನೂ ಮರೆತರೇ?

ಮರೆತಿರಲಿಲ್ಲ, ಅವರ ನೆನಪು ಬೇರೆಯಾಗಿತ್ತು. 1974ರ ತಿದ್ದುಪಡಿಯ ತರುವಾಯ ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ನಿಂತದ್ದು, ಹಾವನೂರು ಆಯೋಗದ ವರದಿ ಬಂದದ್ದು ಅದೇ ವರ್ಷಗಳಲ್ಲಿ. ಜನತಾ ಸರ್ಕಾರ 44ನೇ ತಿದ್ದುಪಡಿಯ ಮೂಲಕ ಸರ್ವಾಧಿಕಾರ ಮರಳಿ ಬರುವ ದಾರಿಯನ್ನು ಕಿರಿದಾಗಿಸಿತು, ನಿಜ. ಆದರೆ ಸಂವಿಧಾನವನ್ನು ರಿಪೇರಿ ಮಾಡಿದವರು ಉಳುವವನ ಜೊತೆ ಮಾತಾಡಲು ಮರೆತರೆ, ಅವನು ನೆಲ ಕೊಟ್ಟವರ ಕಡೆಗೇ ನೋಡುತ್ತಾನೆ.

ಇಲ್ಲಿಗೇ ನಿಲ್ಲಿಸಿದರೆ ಇದು ಜನಪ್ರಿಯವಾದದ ಸಮರ್ಥನೆಯಾದೀತು. ಸುಧಾರಣೆಯನ್ನು ನಿಂತು ನಡೆಸಿದ ದೇವರಾಜ ಅರಸರು 1979ರಲ್ಲಿ ಇಂದಿರಾ ಅವರಿಂದ ಬೇರೆಯಾದರು. 1980ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅರಸರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿ ಹೊತ್ತಿಸಿದ ಹೋರಾಟದ ಫಲ, ಜನರ ಮನಸ್ಸಿನಲ್ಲಿ ಇಂದಿರಮ್ಮನ ಕೊಡುಗೆಯಾಗಿಬಿಟ್ಟಿತ್ತು. ಹಕ್ಕು ಕೊಡುಗೆಯ ವೇಷದಲ್ಲಿ ಬಂದಾಗ ಪಡೆದವನು ನಾಗರಿಕನಾಗುವುದಿಲ್ಲ, ಋಣಿಯಾಗುತ್ತಾನೆ. ಋಣಿ ಪ್ರಶ್ನೆ ಕೇಳಲಾರ.

ಸ್ವೀಡನ್ನಿನಲ್ಲಿ ಪಿಂಚಣಿ ಪಡೆಯುವ ವೃದ್ಧೆ ಯಾವ ಪ್ರಧಾನಿಗೂ ಕೈಮುಗಿಯಬೇಕಿಲ್ಲ. ಕಾರ್ಮಿಕ ಸಂಘಟನೆಗಳ ದೀರ್ಘ ಹೋರಾಟ ಅದನ್ನು ಹಕ್ಕಾಗಿಸಿದೆ. ಆದ್ದರಿಂದ ಇಲ್ಲಿನ ಜನಪ್ರಿಯವಾದ 'ನಾನು ಕೊಟ್ಟೆ' ಎನ್ನುವುದಿಲ್ಲ. 'ನಿಮ್ಮದನ್ನು ಹೊರಗಿನವರು ಕಸಿದರು' ಎನ್ನುತ್ತದೆ. ದಾರಿ ಬೇರೆ, ಪರಿಣಾಮ ಒಂದೇ: ಹಕ್ಕಿನ ಜಾಗದಲ್ಲಿ ಅಲ್ಲಿ ಋಣ ಕೂರುತ್ತದೆ, ಇಲ್ಲಿ ಹಗೆ.

ಕರ್ನಾಟಕದ ಇಂದಿನ ಗ್ಯಾರಂಟಿ ಯೋಜನೆಗಳನ್ನು ಬಿಟ್ಟಿ ಭಾಗ್ಯವೆಂದು ಹಂಗಿಸುವುದು ಉಳ್ಳವರ ಮಾತು. ಅದು ಯಾರ ಭಾವಚಿತ್ರದಡಿ ಬರುತ್ತದೆ, ನಾಳೆ ನಿಂತುಹೋದರೆ ಯಾವ ಕಾನೂನಿನ ಬಲದಿಂದ ಕೇಳಬಹುದು ಎಂದು ವಿಚಾರಿಸುವುದು ನಾಗರಿಕರ ಮಾತು. ಪ್ರಗತಿಪರರು ಆಡಬೇಕಾದದ್ದು ಈ ಎರಡನೆಯದನ್ನು.