ಅಪ್ಪನ ಹೊಟ್ಟೆನೋವು, ಪರ್ತ್‌ನ ಡಾಕ್ಟರು

ಮಕ್ಕಳೇ, ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಯಿತು. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಿಂದ ಹೊಂಗನೂರಿಗೆ ಬಂದಿದ್ದರು. ಬೆಳಗ್ಗೆ ಎದ್ದವನೇ ಮಗ ಬ್ಯಾಗಿನಿಂದ ಒಂದು ಮಾತ್ರೆ ತೆಗೆದು ನುಂಗಿದ.

"ಏನೋ ಅದು?" ಅಂದೆ.

"ಏನಿಲ್ಲಮ್ಮ, ಗ್ಯಾಸ್ಟ್ರಿಕ್‌ದು. ಎರಡು ವರ್ಷದಿಂದ ದಿನಾ ತಗೊಳ್ತೀನಿ."

"ಡಾಕ್ಟರು ಕೊಟ್ಟರಾ?"

"ಇಷ್ಟಕ್ಕೆಲ್ಲ ಡಾಕ್ಟರು ಯಾಕೆ? ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡ್ತಾರೆ."

ನಾನು ಕಾಫಿ ಲೋಟ ಕೆಳಗಿಟ್ಟು ಜೋರು ಮಾಡಿದೆ. ಅವನಿಗೂ ಸಿಟ್ಟು ಬಂತು. ಮೊಮ್ಮಗಳು ನನ್ನ ಪಕ್ಕ ಬಂದು ಕೂತು, "ಅಜ್ಜಿ, ಒಂದು ಮಾತ್ರೆಗೆ ಯಾಕೆ ಅಷ್ಟು ಬೈದೆ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ನನ್ನ ಅಪ್ಪ ರೇಷ್ಮೆ ಬೆಳೆಗಾರ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳು ಮನೆ. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹೊತ್ತುಕೊಂಡು ಹೋಗುವ ದಿನ ಮನೆಯಲ್ಲಿ ಹಬ್ಬ. ಅಪ್ಪನಿಗೆ ವರ್ಷಗಟ್ಟಲೆ ಹೊಟ್ಟೆನೋವು. ಖಾಲಿ ಹೊಟ್ಟೆಯಲ್ಲಿ ಉರಿ, ಊಟ ಮಾಡಿದರೆ ಹುಳಿತೇಗು. ನೋವು ಬಂದಾಗ ಒಂದು ಚಿಟಿಕೆ ಸೋಡಾಪುಡಿ ನೀರಿಗೆ ಹಾಕಿ ಕುಡಿಯುತ್ತಿದ್ದರು. ಆಮೇಲೆ ಗುಲಾಬಿ ಬಣ್ಣದ ಒಂದು ಔಷಧಿ ಬಂತು. ಅದರ ಖಾಲಿ ಬಾಟಲಿಗಳು ಹುಳು ಮನೆಯ ಮೂಲೆಯಲ್ಲಿ ಸಾಲಾಗಿ ನಿಂತಿರುತ್ತಿದ್ದವು.

ಊರಿನವರದ್ದೆಲ್ಲ ಒಂದೇ ಮಾತು: "ಉಪ್ಸಾರಿನ ಖಾರ ಬಿಡಪ್ಪ, ಚಿಂತೆ ಬಿಡು, ಹೊತ್ತಿಗೆ ಸರಿಯಾಗಿ ಉಣ್ಣು." ಅವ್ವ ಖಾರ ಇಲ್ಲದ ಉಪ್ಸಾರು ಮಾಡಿದರು. ಅಪ್ಪ ಮುಖ ಸಿಂಡರಿಸಿಕೊಂಡು ಅದರಲ್ಲೇ ಮುದ್ದೆ ಉಂಡರು. ನೋವು ಮಾತ್ರ ಹೋಗಲಿಲ್ಲ.

1985ರ ಹೊತ್ತಿಗೆ ಅವರ ಅಂಗಿ ಎರಡು ಸೈಜು ದೊಡ್ಡದಾದಂತೆ ಕಾಣುತ್ತಿತ್ತು. ಅರ್ಧ ಮುದ್ದೆಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದರು. ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದೆ ಎಂಬುದನ್ನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ಕೂರಿಸಿ, ನಿಧಾನವಾಗಿ ಹೇಳಿದರು. ಹೊಟ್ಟೆಯ ಕ್ಯಾನ್ಸರ್, ಈಗಾಗಲೇ ಲಿವರಿಗೆ ಹರಡಿದೆ. ಅಲ್ಲಿಗೆ ನಾಲ್ಕು ತಿಂಗಳಿಗೆ ಅಪ್ಪ ಹೋದರು. ಅವರಿಗೆ 54 ವರ್ಷ. ತಡ ಮಾಡಿದ್ದು ಆಸ್ಪತ್ರೆಯವರಲ್ಲ, ಮನೆಯವರಾದ ನಾವು.

ಈಗ ನಿಮ್ಮನ್ನು ಆಸ್ಟ್ರೇಲಿಯಾದ ಪರ್ತ್ ಎಂಬ ಊರಿಗೆ ಕರೆದುಕೊಂಡು ಹೋಗುತ್ತೇನೆ. ಅಪ್ಪ ಸೋಡಾಪುಡಿ ಕುಡಿಯುತ್ತಿದ್ದ ಕಾಲದಲ್ಲೇ, 1979ರಲ್ಲಿ, ಅಲ್ಲಿನ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರೆನ್ ಎಂಬ ಡಾಕ್ಟರು ರೋಗಿಗಳ ಹೊಟ್ಟೆಯಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಊದಿಕೊಂಡ ಜಾಗದಲ್ಲೆಲ್ಲ ಡೊಂಕು ಡೊಂಕಾದ ಸೂಕ್ಷ್ಮಜೀವಿಗಳು! ಹೊಟ್ಟೆಯೊಳಗೆ ಇರುವುದು ಆಸಿಡ್, ಅಲ್ಲಿ ಯಾವ ಜೀವಿಯೂ ಬದುಕುವುದಿಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ವಾರೆನ್ ಹೇಳಿದ್ದನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ಡಾಕ್ಟರು ಅವರ ಜೊತೆ ಸೇರಿಕೊಂಡರು. ಬೆಳಗ್ಗೆ ರೋಗಿಗಳನ್ನು ನೋಡುವುದು, ಬಿಡುವಿನಲ್ಲಿ ಈ ಜೀವಿಯ ಬೆನ್ನು ಹತ್ತುವುದು. ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಹೋದರೆ ಎಷ್ಟು ಸಲ ಮಾಡಿದರೂ ಬೆಳೆಯಲಿಲ್ಲ. ಎರಡು ದಿನ ನೋಡಿ ತಟ್ಟೆಗಳನ್ನು ಎಸೆಯುತ್ತಿದ್ದರು. 1982ರ ಈಸ್ಟರ್ ಹಬ್ಬದ ರಜೆಯಲ್ಲಿ ತಟ್ಟೆಗಳನ್ನು ಎಸೆಯಲು ಯಾರೂ ಬರಲಿಲ್ಲ. ಐದು ದಿನ ಬಿಟ್ಟು ಬಂದು ನೋಡಿದರೆ ಜೀವಿ ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವ ಜೀವಿ, ಅಷ್ಟೇ. ಅದಕ್ಕೆ ಈಗಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

ಹೊಟ್ಟೆಹುಣ್ಣಿಗೆ ಖಾರ, ಚಿಂತೆ ಕಾರಣವಲ್ಲ, ಈ ಜೀವಿ ಕಾರಣ ಎಂದು ಮಾರ್ಷಲ್ ಹೇಳಿದಾಗ ದೊಡ್ಡ ದೊಡ್ಡ ಡಾಕ್ಟರುಗಳೇ ನಕ್ಕರು. ಹಂದಿಮರಿಗಳಿಗೆ ಸೋಂಕು ತಗುಲಿಸಲು ನೋಡಿದರು, ಆಗಲಿಲ್ಲ. 1984ರಲ್ಲಿ ಅವರು ತಮ್ಮ ಹೊಟ್ಟೆಗೆ ಎಂಡೋಸ್ಕೋಪಿ ಮಾಡಿಸಿಕೊಂಡು, ಅದು ಆರೋಗ್ಯವಾಗಿದೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ರೋಗಿಯೊಬ್ಬರಿಂದ ತೆಗೆದು ಬೆಳೆಸಿದ ಆ ಜೀವಿಗಳನ್ನು ಕಲಸಿ ಕುಡಿದೇಬಿಟ್ಟರು! ಹೆಂಡತಿಗೂ ಮೊದಲು ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಬಾಯಿ ವಾಸನೆ ಬಂತು. ಹತ್ತನೇ ದಿನ ಮತ್ತೆ ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಯ ಒಳಗೋಡೆ ಊದಿಕೊಂಡಿತ್ತು, ಅಲ್ಲಿ ಆ ಜೀವಿಗಳೂ ಇದ್ದವು. ಆಮೇಲೆ ಆಂಟಿಬಯೋಟಿಕ್ ತೆಗೆದುಕೊಂಡರು. ಅದು ಆ ಜೀವಿಯನ್ನು ಕೊಲ್ಲುತ್ತದೆ ಎಂದು ಪ್ರಯೋಗಾಲಯದಲ್ಲಿ ಮೊದಲೇ ನೋಡಿಕೊಂಡಿದ್ದರು. ನೀವು ಯಾರೂ ಇಂಥ ಸಾಹಸಕ್ಕೆ ಹೋಗಬೇಡಿ, ಮತ್ತೆ!

1984 ಅಂದರೆ ನನ್ನ ಅಪ್ಪ ಆ ಗುಲಾಬಿ ಔಷಧಿ ಕುಡಿಯುತ್ತಿದ್ದ ವರ್ಷ.

ಈ ಜೀವಿಗೂ ಕ್ಯಾನ್ಸರಿಗೂ ಏನು ಸಂಬಂಧ? ಸಾಮಾನ್ಯವಾಗಿ ಇದು ಚಿಕ್ಕಂದಿನಲ್ಲೇ, ಮನೆಯವರಿಂದ ಅಥವಾ ಕೆಟ್ಟ ನೀರಿನಿಂದ ಹೊಟ್ಟೆ ಸೇರುತ್ತದೆ. ಹತ್ತಾರು ವರ್ಷ ಒಳಗೋಡೆಯನ್ನು ಕೆರಳಿಸುತ್ತಲೇ ಇರುತ್ತದೆ. ಗೋಡೆ ಸವೆಯುತ್ತದೆ, ಅಲ್ಲಿನ ಜೀವಕೋಶಗಳು ತಮ್ಮ ಗುಣ ಬದಲಿಸುತ್ತವೆ, ಕೆಲವರಲ್ಲಿ ಅದು ಕೊನೆಗೆ ಕ್ಯಾನ್ಸರಾಗುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ. ಹಾಗಂತ ಹೆದರಬೇಡಿ. ಪ್ರಪಂಚದ ಸುಮಾರು ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಈ ಜೀವಿ ಇದೆ ಎಂದು ಅಂದಾಜು. ಅವರಲ್ಲಿ ಕ್ಯಾನ್ಸರ್ ಬರುವುದು ಕೆಲವೇ ಜನರಿಗೆ. ಬೀಡಿ ಸಿಗರೇಟು, ಅತಿಯಾದ ಉಪ್ಪು, ವಂಶದ ಗುಣ ಇವೂ ಜೊತೆಗೆ ಸೇರುತ್ತವೆ.

2005ರ ಅಕ್ಟೋಬರಿನಲ್ಲಿ ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್ ಬಂತು. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಪೇಪರು ಹಿಡಿದು ಮಕ್ಕಳಿಗೆ ವಿವರಿಸುತ್ತಾ ಇದ್ದವಳು ನಡುವೆಯೇ ನಿಲ್ಲಿಸಿದೆ. ಹುಳು ಮನೆ ನೆನಪಾಗಿತ್ತು. ರೇಷ್ಮೆ ಹುಳಕ್ಕೆ ಗಂಟುರೋಗ ಬರುವುದು ಕಣ್ಣಿಗೆ ಕಾಣದ ಜೀವಿಯಿಂದ, ತಾಯಿ ಚಿಟ್ಟೆಯಿಂದ ಅದು ಮೊಟ್ಟೆಗೆ ಬರುತ್ತದೆ ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗ ಇಲ್ಲ ಎಂದ ಮೇಲೇ ಆ ಮೊಟ್ಟೆಯನ್ನು ಸಾಕಲು ಕೊಡುತ್ತಾರೆ. ನೂರು ವರ್ಷಕ್ಕೂ ಹಿಂದೆ ಲೂಯಿ ಪಾಶ್ಚರ್ ಹೇಳಿಕೊಟ್ಟ ಕ್ರಮ ಅದು. ಪರೀಕ್ಷೆ ಮಾಡದ ಮೊಟ್ಟೆಯನ್ನು ಅಪ್ಪ ಒಂದು ದಿನವೂ ಮನೆಯೊಳಗೆ ತಂದವರಲ್ಲ. ತಮ್ಮ ಹೊಟ್ಟೆಯನ್ನು ಮಾತ್ರ ಒಂದು ಸಲವೂ ಪರೀಕ್ಷೆ ಮಾಡಿಸಲಿಲ್ಲ. ಅವರ ಹೊಟ್ಟೆಯಲ್ಲಿ ಆ ಡೊಂಕು ಜೀವಿ ಇತ್ತೋ ಇಲ್ಲವೋ, ನೋಡಿದವರೇ ಇಲ್ಲ.

ಕಿದ್ವಾಯಿಯಲ್ಲಿ ಒಬ್ಬರು ಫಾರಂ ಹಿಡಿದು ಬಂದು ಅಪ್ಪನ ವಯಸ್ಸು, ಊರು, ಕಸುಬು, ಬೀಡಿ ಸೇದುತ್ತಾರಾ ಎಂದೆಲ್ಲ ಕೇಳಿದ್ದು ನೆನಪಿದೆ. "ಇದೆಲ್ಲ ಯಾಕಪ್ಪಾ?" ಎಂದು ಅವ್ವ ಬೇಸರ ಮಾಡಿಕೊಂಡಿದ್ದರು. ಯಾಕೆ ಎಂದು ನನಗೆ ಆಮೇಲೆ ತಿಳಿಯಿತು. ಬೆಂಗಳೂರಿನ ಜನರಲ್ಲಿ ಯಾವ ಕ್ಯಾನ್ಸರ್ ಎಷ್ಟು ಮಂದಿಗೆ ಬರುತ್ತಿದೆ ಎಂದು ಕಿದ್ವಾಯಿಯವರು 1982ರಿಂದ ಲೆಕ್ಕ ಇಡುತ್ತಾ ಬಂದಿದ್ದಾರೆ. ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಹೊಟ್ಟೆಯದೂ ಇದೆ ಎಂದು ತಿಳಿದದ್ದು ಅಂಥ ಲೆಕ್ಕದಿಂದಲೇ. ಮದ್ದು ಕೊಡುವುದರ ಜೊತೆಗೆ ಲೆಕ್ಕ ಇಡುವುದೂ ಡಾಕ್ಟರ ಕೆಲಸವೇ.

ಇಷ್ಟು ಕೇಳಿದ ಮೊಮ್ಮಗಳು ಎದ್ದು ಹೋಗಿ, ಅವರಪ್ಪನ ಮುಂದೆ ನಿಂತು, "ಅಪ್ಪಾ, ನೀನು ಯಾವಾಗ ತೋರಿಸ್ಕೋತೀಯ?" ಎಂದಳು. ನನ್ನ ಬೈಗುಳಕ್ಕೆ ಬಗ್ಗದವನು ಅವಳ ಮಾತಿಗೆ ಬಗ್ಗಿದ. ಮುಂದಿನ ವಾರವೇ ಡಾಕ್ಟರ ಹತ್ತಿರ ಹೋದ. ತಾತನಿಗೆ ಹೊಟ್ಟೆಯ ಕ್ಯಾನ್ಸರ್ ಇತ್ತು ಎಂದು ಹೇಳಿದ ಕೂಡಲೇ ಅವರು ಎಂಡೋಸ್ಕೋಪಿ ಮಾಡಿಸಿದರು. ಜೀವಿ ಇತ್ತು, ಕ್ಯಾನ್ಸರ್ ಇರಲಿಲ್ಲ. ಹದಿನಾಲ್ಕು ದಿನದ ಔಷಧಿ ಕೊಟ್ಟರು. ಅದನ್ನು ಒಂದು ಹೊತ್ತೂ ತಪ್ಪಿಸದಂತೆ ನೋಡಿಕೊಂಡದ್ದು ಮೊಮ್ಮಗಳೇ. ಜೀವಿ ಪೂರ್ತಿ ಹೋಯಿತೇ ಎಂದು ನೋಡಲು ಇನ್ನು ಕೆಲವು ವಾರ ಬಿಟ್ಟು ಉಸಿರಿನ ಪರೀಕ್ಷೆ ಮಾಡುತ್ತಾರಂತೆ. ಯೂರಿಯಾ ಬೆರೆಸಿದ ದ್ರವ ಕುಡಿಸಿ, ಚೀಲಕ್ಕೆ ಉಸಿರು ಊದಿಸುತ್ತಾರೆ. ಜೀವಿ ಇನ್ನೂ ಇದ್ದರೆ ಅದು ಯೂರಿಯಾವನ್ನು ಒಡೆಯುತ್ತದೆ, ಅದರ ಗುರುತು ಉಸಿರಿನಲ್ಲಿ ಸಿಗುತ್ತದೆ. ಈ ಪರೀಕ್ಷೆ ಬೆಳೆದು ಬಂದುದರಲ್ಲೂ ಮಾರ್ಷಲ್ ಅವರ ಕೈ ಇದೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ತಾತ ಯಾರಾದರೂ ದಿನಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದಾರಾ ನೋಡಿ. ತೂಕ ಇಳಿದಿದೆಯಾ, ಬೇಗ ಹೊಟ್ಟೆ ತುಂಬಿದಂತಾಗುತ್ತದಾ, ನುಂಗಲು ಕಷ್ಟವಾ, ಮಲ ಕಪ್ಪಗೆ ಹೋಗುತ್ತದಾ ಎಂದು ಕೇಳಿ. ಒಂದಕ್ಕೆ ಹೌದು ಅಂದರೂ ಡಾಕ್ಟರ ಹತ್ತಿರ ಹೋಗುವವರೆಗೆ ಬಿಡಬೇಡಿ. ದೊಡ್ಡವರೇ, ಮಕ್ಕಳು ಕೇಳಿದರೆ ಗದರಬೇಡಿ. ಆಂಟಿಬಯೋಟಿಕ್ಕನ್ನು ನೀವೇ ಅಂಗಡಿಯಿಂದ ತಂದು ನುಂಗಲೂಬೇಡಿ.

ಅಂದಹಾಗೆ, ನಮ್ಮ ಮನೆಯಲ್ಲಿ ಉಪ್ಸಾರಿಗೆ ಮತ್ತೆ ಖಾರ ಬಂದಿದೆ. ಪಾಪ, ಅದರ ಮೇಲೆ ನಾವು ಸುಮ್ಮನೆ ತಪ್ಪು ಹೊರಿಸಿದ್ದೆವು.