ಬೆನ್ನಿನ ಸೂಜಿಯ ಬಗ್ಗೆ ಬಸುರಿಗೆ ಮೊದಲೇ ಹೇಳಿ

ಕರ್ನಾಟಕದಲ್ಲಿ ಮನೆಯಲ್ಲೇ ಹೆರಿಗೆ ಆಗುವುದು ಈಗ ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿ, ತಾಯಿ ಕಾರ್ಡ್ ಮಾಡಿಸಿ, ಬೇನೆ ಶುರುವಾದಾಗ 108ಕ್ಕೆ ಫೋನ್ ಮಾಡಿಸಿ ಹೆಣ್ಣುಮಕ್ಕಳನ್ನು ಹೆರಿಗೆ ವಾರ್ಡಿನವರೆಗೆ ಮುಟ್ಟಿಸಿದ್ದರಿಂದ ಆದ ಬದಲಾವಣೆ ಇದು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ರಕ್ತ, ಪರೀಕ್ಷೆ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಇಷ್ಟೆಲ್ಲ ಕೊಡುವ ವ್ಯವಸ್ಥೆ ಹೆರಿಗೆ ನೋವನ್ನು ಮಾತ್ರ ಆಕೆಯ ಪಾಲಿಗೇ ಬಿಟ್ಟುಬಿಟ್ಟಿದೆ. ಬೆಂಗಳೂರು, ಮೈಸೂರು, ಮಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ‘ನೋವಿಲ್ಲದ ಹೆರಿಗೆ’ ಎಂಬ ಹೆಸರಿನಲ್ಲಿ ಬಿಲ್ಲಿಗೆ ಸೇರುವ ಎಪಿಡ್ಯೂರಲ್ ಎಂಬ ಚಿಕಿತ್ಸೆ ಇದೆಯೆಂಬುದೇ ಸರ್ಕಾರಿ ವಾರ್ಡಿನಲ್ಲಿ ಮಲಗಿರುವ ಎಷ್ಟೋ ಹೆಂಗಸರಿಗೆ ಗೊತ್ತಿಲ್ಲ. ಗೊತ್ತಿರುವವರಿಗೂ ಅದು ಗೊತ್ತಿರುವುದು ಬರೀ ಹೆದರಿಕೆಯ ರೂಪದಲ್ಲಿ: ‘ಬೆನ್ನುಮೂಳೆಗೆ ದಬ್ಬಳದಂಥ ಸೂಜಿ ಚುಚ್ಚುತ್ತಾರೆ, ಆಮೇಲೆ ಜೀವಮಾನವಿಡೀ ಸೊಂಟನೋವು.’ ಈ ಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ಹೆರುವವಳು. ಅವಳು ತೀರ್ಮಾನಿಸಬೇಕಾದರೆ ಅದು ಮೈಗೆ ಹೇಗಿರುತ್ತದೆ, ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಬೇನೆ ಶುರುವಾಗುವುದಕ್ಕೆ ಎಷ್ಟೋ ಮೊದಲೇ ಯಾರಾದರೂ ಅವಳಿಗೆ ಬಿಡಿಸಿ ಹೇಳಿರಬೇಕು. ಹೇಳುವುದು ಆಸ್ಪತ್ರೆಯ ಕರ್ತವ್ಯವಾಗಬೇಕು, ಕೇಳಿದವಳಿಗೆ ಕೊಡುವುದು ಸರ್ಕಾರದ ಹೊಣೆಯಾಗಬೇಕು.

ಹಾಗಾದರೆ ಅದು ಹೇಗಿರುತ್ತದೆ? ಬೇನೆ ತಿನ್ನುತ್ತಿರುವ ಹೆಂಗಸನ್ನು ಮಂಚದ ಅಂಚಿನಲ್ಲಿ ಕೂರಿಸಿ, ಎದೆಗೆ ದಿಂಬು ಅವಚಿಕೊಂಡು, ಗದ್ದ ಎದೆಗೆ ತಾಗುವಂತೆ ಬಾಗಿ ಬೆನ್ನನ್ನು ಹೊರಕ್ಕೆ ಉಬ್ಬಿಸಲು ಹೇಳುತ್ತಾರೆ. ಕೂರಲಾಗದವರು ಮಗ್ಗುಲಾಗಿ ಮಂಡಿ ಮಡಚಿ ಮಲಗಬಹುದು. ತುಂಬಿದ ಬಸುರಿನಲ್ಲಿ ಹೀಗೆ ಬಾಗುವುದೇ ಒಂದು ಕಷ್ಟ. ಹಾಕಿಸಿಕೊಂಡ ಎಷ್ಟೋ ಹೆಂಗಸರು ಸೂಜಿಗಿಂತ ಇದನ್ನೇ ಹೆಚ್ಚು ನೆನೆಯುತ್ತಾರೆ. ಬೆನ್ನಿಗೆ ತಣ್ಣನೆಯ ಔಷಧ ಬಳಿದು ಒರೆಸುತ್ತಾರೆ. ಮೊದಲು ಒಂದು ಸಣ್ಣ ಸೂಜಿಯಿಂದ ಆ ಜಾಗದ ಚರ್ಮವನ್ನು ಮರಗಟ್ಟಿಸುತ್ತಾರೆ. ಚುರ್ರೆಂದು ಉರಿಯುವುದು ಆಗಲೇ, ಅದೂ ಕೆಲವು ಕ್ಷಣ ಮಾತ್ರ. ಆಮೇಲೆ ಬರುವ ದೊಡ್ಡ ಸೂಜಿ ಚುಚ್ಚಿದ ಹಾಗೆ ಅನ್ನಿಸುವುದು ಕಡಿಮೆ, ಬೆನ್ನನ್ನು ಯಾರೋ ಹೆಬ್ಬೆರಳಿನಿಂದ ಅದುಮಿ ತಳ್ಳುತ್ತಿರುವ ಹಾಗೆ ಅನ್ನಿಸುವುದೇ ಹೆಚ್ಚು. ನಡುವೆ ಬೇನೆ ಎದ್ದರೆ ‘ಬಂತು’ ಎಂದು ಹೇಳಬೇಕು, ಡಾಕ್ಟರು ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲಿ ಅಲುಗಾಡದೆ ಕೂರುವುದೇ ಆಕೆ ಮಾಡಬೇಕಾದ ದೊಡ್ಡ ಕೆಲಸ. ಬೆನ್ನುಹುರಿಯನ್ನು ಸುತ್ತಿರುವ ಪೊರೆಯ ಹೊರಗೆ ಒಂದು ಕಿರಿದಾದ ಜಾಗವಿದೆ. ಸೂಜಿಯ ತುದಿ ಅಲ್ಲಿಗೆ ಮುಟ್ಟಿದಾಗ ಸಿರಿಂಜಿನ ಬಿಗಿ ಸಡಿಲವಾಗುವುದು ಡಾಕ್ಟರ ಬೆರಳಿಗೆ ಗೊತ್ತಾಗುತ್ತದೆ. ಸೂಜಿಯೊಳಗಿಂದ ಒಂದು ತೆಳುವಾದ ಪ್ಲಾಸ್ಟಿಕ್ ನಳಿಕೆಯನ್ನು ಆ ಜಾಗಕ್ಕೆ ತೂರಿಸುತ್ತಾರೆ. ಆಗ ಒಂದು ಕಾಲಿಗೋ ಸೊಂಟಕ್ಕೋ ಕರೆಂಟ್ ಹೊಡೆದಂತೆ ಝುಮ್ಮೆನ್ನಬಹುದು. ಹೆದರಬೇಕಾದದ್ದಿಲ್ಲ, ಆದರೆ ಯಾವ ಕಡೆ ಎಂದು ಹೇಳಬೇಕು. ಅಷ್ಟಾದ ಮೇಲೆ ಸೂಜಿಯನ್ನು ಹೊರತೆಗೆಯುತ್ತಾರೆ. ಬೆನ್ನಿನಲ್ಲಿ ಉಳಿಯುವುದು ಆ ಮೆತ್ತನೆಯ ನಳಿಕೆ ಮಾತ್ರ. ಗಂಟೆಗಟ್ಟಲೆ ಸೂಜಿಯನ್ನು ಬೆನ್ನಲ್ಲಿಟ್ಟುಕೊಂಡೇ ಮಲಗಬೇಕು ಎಂದು ನಂಬಿ ಹೆದರಿದವರಿಗೆ ಈ ಒಂದು ವಿವರವೇ ಅರ್ಧ ಧೈರ್ಯ ಕೊಟ್ಟೀತು.

ಔಷಧ ಹೋಗುವಾಗ ಬೆನ್ನಿನಲ್ಲಿ ತಣ್ಣಗೆ ಇಳಿದಂತಾಗುತ್ತದೆ. ನೋವು ಸ್ವಿಚ್ ಆರಿಸಿದಂತೆ ನಿಲ್ಲುವುದಿಲ್ಲ. ಹದಿನೈದು–ಇಪ್ಪತ್ತು ನಿಮಿಷಗಳಲ್ಲಿ ಒಂದೊಂದು ಬೇನೆಯೂ ಹಿಂದಿನದಕ್ಕಿಂತ ಮೊಂಡಾಗುತ್ತಾ ಬರುತ್ತದೆ. ಕಾಲುಗಳು ಬೆಚ್ಚಗಾಗಿ, ಜೋಮು ಹಿಡಿದಂತೆ ಭಾರವಾಗುತ್ತವೆ. ಕೊನೆಗೆ ಹೊಟ್ಟೆಯ ಮೇಲೆ ಕೈ ಇಟ್ಟರೆ ಅದು ಕಲ್ಲಾಗಿ ಮತ್ತೆ ಮೆತ್ತಗಾಗುವುದು ತಿಳಿಯುತ್ತದೆ, ಆದರೆ ಹಲ್ಲು ಕಚ್ಚಿ ಸಹಿಸಬೇಕಾದ ಆ ತುದಿ ಇರುವುದಿಲ್ಲ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ಬಿ.ಪಿ. ನೋಡುತ್ತಾರೆ, ಮಗುವಿನ ಎದೆಬಡಿತ ಗಮನಿಸುತ್ತಾರೆ, ಔಷಧ ಎಲ್ಲಿಯವರೆಗೆ ಏರಿದೆಯೆಂದು ತಿಳಿಯಲು ಮಂಜುಗಡ್ಡೆ ಮುಟ್ಟಿಸಿ ತಣ್ಣಗನ್ನಿಸುತ್ತದೆಯೇ ಎಂದು ಕೇಳುತ್ತಾರೆ. ಮೈ ನವೆಯಾಗಬಹುದು, ನಡುಕ ಬರಬಹುದು, ಮೂತ್ರ ಕಟ್ಟಿದ್ದು ತಿಳಿಯದೆ ಅದಕ್ಕೊಂದು ಕೊಳವೆ ಹಾಕಬೇಕಾಗಬಹುದು. ಪ್ರಜ್ಞೆ ಮಾತ್ರ ಸಂಪೂರ್ಣ ಇರುತ್ತದೆ. ರಾತ್ರಿಯಿಡೀ ಬೇನೆ ತಿಂದು ಸೋತ ಎಷ್ಟೋ ಹೆಂಗಸರು ಇದಾದ ಮೇಲೆ ಒಂದೆರಡು ಗಂಟೆ ನಿದ್ದೆ ಮಾಡುತ್ತಾರೆ, ಎದ್ದು ಮಗುವನ್ನು ಹೆರಲು ಬಲ ಕೂಡಿಸಿಕೊಳ್ಳುತ್ತಾರೆ. ಮಗು ಕೆಳಗಿಳಿದಾಗ ಗುದದ ಕಡೆಗೆ ಒತ್ತುವ ಭಾರ ಹೆಚ್ಚಿನವರಿಗೆ ತಿಳಿದೇ ತಿಳಿಯುತ್ತದೆ. ತಿಳಿಯದಿದ್ದವರಿಗೆ ಯಾವಾಗ ಮುಕ್ಕಬೇಕೆಂದು ನರ್ಸ್ ಹೇಳುತ್ತಾರೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಅದು ಜಾಹೀರಾತಾಗುತ್ತದೆ. ‘ನೋವಿಲ್ಲದ ಹೆರಿಗೆ’ ಎಂಬ ಹೆಸರಿನ ಬಗ್ಗೆ ನನ್ನ ತಕರಾರೂ ಇದೇ. ಎಪಿಡ್ಯೂರಲ್ ಕೆಲವೊಮ್ಮೆ ಒಂದೇ ಮಗ್ಗುಲಿಗೆ ಹಿಡಿಯುತ್ತದೆ, ಕೆಲವೊಮ್ಮೆ ಅಂಗೈಯಗಲದ ಜಾಗ ಬಿಟ್ಟು ಉಳಿದೆಲ್ಲ ಕಡೆ ನೋವು ಹೋಗುತ್ತದೆ, ನಳಿಕೆಯನ್ನು ಸರಿಪಡಿಸಬೇಕಾಗುತ್ತದೆ ಇಲ್ಲವೇ ಹೊಸದಾಗಿ ಹಾಕಬೇಕಾಗುತ್ತದೆ. ಬ್ರಿಟನ್ನಿನ ಪ್ರಸೂತಿ ಅರಿವಳಿಕೆ ತಜ್ಞರ ಸಂಘ ಗರ್ಭಿಣಿಯರಿಗೆಂದೇ ಮಾಡಿರುವ ಒಂದು ಮಾಹಿತಿ ಪತ್ರದಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದೆ. ಎಂಟರಲ್ಲಿ ಒಬ್ಬರಿಗೆ ಎಪಿಡ್ಯೂರಲ್ ಸಾಕಷ್ಟು ಕೆಲಸ ಮಾಡದೆ ಬೇರೆ ಉಪಾಯ ಬೇಕಾಗುತ್ತದೆ. 50ರಲ್ಲಿ ಒಬ್ಬರಿಗೆ ಬಿ.ಪಿ. ಗಣನೀಯವಾಗಿ ಇಳಿಯುತ್ತದೆ, 100ರಲ್ಲಿ ಒಬ್ಬರಿಗೆ, ಸೂಜಿ ಬೆನ್ನುಹುರಿಯ ಸುತ್ತಲಿನ ಪೊರೆಗೆ ತಾಗಿ ತೂತಾದದ್ದರಿಂದ, ಎದ್ದು ಕೂರಲಾಗದಂಥ ತಲೆನೋವು ಬರುತ್ತದೆ, ಆರು ತಿಂಗಳು ಮೀರಿ ಉಳಿಯುವ ನರದ ತೊಂದರೆ 13,000ಕ್ಕೆ ಒಂದು, ಪಾರ್ಶ್ವವಾಯುವಿನಂಥ ಗಂಭೀರ ಹಾನಿ 2,50,000ಕ್ಕೆ ಒಂದು. ಆ ತಲೆನೋವಿಗೂ ಚಿಕಿತ್ಸೆ ಇದೆ: ಆಕೆಯದೇ ರಕ್ತವನ್ನು ಸ್ವಲ್ಪ ತೆಗೆದು ಬೆನ್ನಿನ ಅದೇ ಜಾಗಕ್ಕೆ ಹಾಕಿ ತೂತು ಮುಚ್ಚುತ್ತಾರೆ. ಈ ಅಂಕಿಗಳನ್ನು ಓದಿ ಒಬ್ಬಾಕೆ ‘ನನಗೆ ಬೇಡ’ ಎಂದರೆ ಅದು ಗೌರವಿಸಬೇಕಾದ ತೀರ್ಮಾನ, ‘ಬೇಕು’ ಎಂದರೂ ಅಷ್ಟೇ. ಅಂಕಿಗಳನ್ನೇ ತೋರಿಸದೆ ಅವಳ ಪರವಾಗಿ ಇನ್ನಾರೋ ಬೇಡವೆಂದುಬಿಡುವುದನ್ನು ಒಪ್ಪಲಾಗದು.

ಇನ್ನು ಆ ಸೊಂಟನೋವಿನ ವಿಚಾರ. ಸೂಜಿ ಹಾಕಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಎಪಿಡ್ಯೂರಲ್ ಕಾರಣವೆಂಬುದಕ್ಕೆ ಆಧಾರವಿಲ್ಲ. ನಲವತ್ತು ಪ್ರಯೋಗಗಳ, 11,000ಕ್ಕೂ ಹೆಚ್ಚು ಹೆಂಗಸರ ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದ 2018ರ ಕಾಕ್ರೇನ್ ಪರಿಶೀಲನೆಯಲ್ಲಿ ಎಪಿಡ್ಯೂರಲ್ ಪಡೆದವರಿಗೂ ಪಡೆಯದವರಿಗೂ ದೀರ್ಘಕಾಲದ ಬೆನ್ನುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಸುರಿನ ಭಾರ, ಸಡಿಲಾದ ಸಂಧಿಗಳು, ಹೆರಿಗೆಯ ನಂತರ ಬಗ್ಗಿ ಎದ್ದು ಮಗುವನ್ನು ಎತ್ತಾಡುವುದು, ಇವೆಲ್ಲ ಸೊಂಟವನ್ನು ದಣಿಸುತ್ತವೆ. ಕಣ್ಣಿಗೆ ಕಂಡ ಸೂಜಿಯ ಮೇಲೆ ಅಪವಾದ ಬೀಳುತ್ತದೆ. ‘ಎಪಿಡ್ಯೂರಲ್ ಹಾಕಿದರೆ ಕೊನೆಗೆ ಸಿಸೇರಿಯನ್ನೇ’ ಎಂಬ ಮಾತಿಗೂ ಅದೇ ಪರಿಶೀಲನೆಯಲ್ಲಿ ಪುಷ್ಟಿ ಸಿಗಲಿಲ್ಲ, ಸಿಸೇರಿಯನ್ ಪ್ರಮಾಣ ಹೆಚ್ಚಾಗಿರಲಿಲ್ಲ. ಹೆರಿಗೆ ಸ್ವಲ್ಪ ನಿಧಾನವಾಗಬಹುದು, ತಾಯಿಗೆ ಜ್ವರ ಕಾಣಿಸಿಕೊಳ್ಳುವುದು ಹೆಚ್ಚು. ವ್ಯಾಕ್ಯೂಮ್, ಫೋರ್ಸೆಪ್ಸ್ ಬಳಸಬೇಕಾಗಿ ಬಂದದ್ದು ಹಳೆಯ ಪ್ರಯೋಗಗಳಲ್ಲಿ ಹೆಚ್ಚಿತ್ತು. 2005ರ ನಂತರದವುಗಳಲ್ಲಿ ಆ ವ್ಯತ್ಯಾಸ ಉಳಿದಿಲ್ಲ. ಹಿಂದೆ ಗಾಢವಾದ ಔಷಧ ಹಾಕಿ ಕಾಲು ಎತ್ತಲೂ ಆಗದಂತೆ ಮಾಡುತ್ತಿದ್ದರು. ಈಗ ಬ್ಯುಪಿವಕೇನ್ ಔಷಧವನ್ನು ಬಹಳ ತೆಳುಮಾಡಿ, ಜೊತೆಗೆ ಅತ್ಯಲ್ಪ ಫೆಂಟನಿಲ್ ಸೇರಿಸುತ್ತಾರೆ. ನೋವು ಹೋಗಿ ಬಲ ಉಳಿಯುವುದು ಇದರಿಂದ.

ನೋವು ತಿಂದು ಹೆತ್ತರೇ ತಾಯಿ ಎಂಬ ನಂಬಿಕೆಗೆ ಅಂಕಿ ಅಂಶಗಳಿಂದ ಉತ್ತರ ಕೊಡುವುದು ಕಷ್ಟ. ಹಾಗೆ ನಂಬಿ, ಸಹಿಸಿ, ಅದರಲ್ಲಿ ತಮ್ಮ ಶಕ್ತಿಯನ್ನು ಕಂಡುಕೊಂಡ ಹೆಂಗಸರಿದ್ದಾರೆ. ಅವರ ಹೆಮ್ಮೆ ಹುಸಿಯಲ್ಲ. ಒಬ್ಬಳ ಹೆಮ್ಮೆಯನ್ನು ಇನ್ನೊಬ್ಬಳಿಗೆ ಕಡ್ಡಾಯ ಮಾಡಬಾರದು ಎಂಬುದಷ್ಟೇ ನನ್ನ ಮಾತು. ಇದು ನಮ್ಮ ಊರಿನ ಸಂಗತಿ ಮಾತ್ರವಲ್ಲ. 1847ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಮೊದಲು ಈಥರ್, ಆಮೇಲೆ ಕ್ಲೋರೋಫಾರ್ಮ್ ಬಳಸಿದಾಗ ಬೈಬಲಿನ ಆಧಾರ ಕೊಟ್ಟು ವಿರೋಧಿಸಿದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಗೆ ಜಾನ್ ಸ್ನೋ ಎಂಬ ವೈದ್ಯರಿಂದ ಕ್ಲೋರೋಫಾರ್ಮ್ ಪಡೆದ ಮೇಲೆ ಆ ವಿರೋಧ ಸೊರಗಿತು. ರಾಣಿ ಕೇಳಿದ್ದು ಸಿಕ್ಕಿತು. ನಮ್ಮ ಹೆರಿಗೆ ಕೋಣೆಗಳಲ್ಲಿ ನೋವಿಗೆ ಕಿರುಚಿದ ಬಡ ಹೆಂಗಸಿಗೆ ಸಿಗುವುದು ಗದರಿಕೆ, ‘ಆಗ ಬೇಕಿತ್ತಲ್ಲ, ಈಗೇಕೆ ಅರಚುತ್ತೀಯ’ ಎಂಬಂಥ ಚುಚ್ಚುಮಾತು. ಭಾರತದ ಹೆರಿಗೆ ವಾರ್ಡುಗಳ ಅಧ್ಯಯನಗಳಲ್ಲಿ ಇಂಥ ಮಾತುಗಳು ಮತ್ತೆ ಮತ್ತೆ ದಾಖಲಾಗಿವೆ. ಹಲ್ಲು ಕೀಳುವಾಗ ಮರಗಟ್ಟಿಸುವುದನ್ನು ಯಾರೂ ಸೋಲೆನ್ನುವುದಿಲ್ಲ. ಆರೋಗ್ಯವಂತ ಗರ್ಭಿಣಿ ಕೇಳಿದರೆ ಆಕೆಯ ಇಷ್ಟದಂತೆ ಎಪಿಡ್ಯೂರಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲೇ ಹೇಳಿದೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜಂತೂ, ವೈದ್ಯಕೀಯ ಅಡ್ಡಿ ಇಲ್ಲದಿದ್ದರೆ ಹೆರುವವಳು ಕೇಳಿದ್ದೇ ಸಾಕಾದ ಕಾರಣ ಎಂಬ ನಿಲುವು ತಳೆದಿದೆ.

ನಿಜವಾಗಿ ತೂಕವಿರುವ ಆಕ್ಷೇಪ ಬೇರೆ. ತಾಯಂದಿರ ಸಾವನ್ನೇ ತಡೆಯಲಾಗದ ವ್ಯವಸ್ಥೆಗೆ ನೋವಿನ ಮಾತು ಯಾಕೆ? 2018–20ರ ಲೆಕ್ಕದಲ್ಲಿ ಕರ್ನಾಟಕದ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಗಳಿಗೆ 69, ಕೇರಳದ್ದು 19. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ನಾಡು ಮರೆತಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರ ಹುದ್ದೆ ಖಾಲಿ ಇರುವುದೂ, ಇರುವ ಒಬ್ಬರೇ ಹಗಲುರಾತ್ರಿ ದುಡಿಯುವುದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಒಂದೇ ಸಲದ್ದು, ಎಪಿಡ್ಯೂರಲ್‌ಗಾದರೋ ಗಂಟೆಗಟ್ಟಲೆ ನಿಗಾ ಬೇಕು. ನಿಗಾ ಇಲ್ಲದ ಕಡೆ ಅದನ್ನು ಹಾಕುವುದು ಅಪಾಯ, ಹಾಕಬಾರದು. ಇದನ್ನು ಒಪ್ಪಿಯೂ ಹೇಳಬೇಕಾದದ್ದಿದೆ. ಸುರಕ್ಷತೆಗೂ ನೋವಿನ ಉಪಶಮನಕ್ಕೂ ಬೇಕಾದ ಜನ ಅವರೇ: ಹೆರಿಗೆ ವಾರ್ಡಿನಲ್ಲೇ ಇರುವ ಅರಿವಳಿಕೆ ತಜ್ಞರು, ಐದೈದು ನಿಮಿಷಕ್ಕೆ ಬಿ.ಪಿ. ನೋಡಲು ಪುರುಸೊತ್ತಿರುವ ನರ್ಸ್. ಎಪಿಡ್ಯೂರಲ್ ಕೊಡುವ ಮಟ್ಟಕ್ಕೆ ಬಂದ ವಾರ್ಡು ರಕ್ತಸ್ರಾವವನ್ನೂ ಬೇಗ ಕಾಣುತ್ತದೆ. ತುರ್ತು ಸಿಸೇರಿಯನ್ ಬಂದರೆ ಅದೇ ನಳಿಕೆಯಲ್ಲಿ ಹೆಚ್ಚು ಔಷಧ ಹಾಕಿ ಶಸ್ತ್ರಚಿಕಿತ್ಸೆ ಮಾಡಬಹುದು, ಪೂರ್ತಿ ಪ್ರಜ್ಞೆ ತಪ್ಪಿಸುವ ಅಪಾಯ ಹೆಚ್ಚಿನ ಸಲ ತಪ್ಪುತ್ತದೆ. ಸ್ಕಾಟ್ಲೆಂಡಿನಲ್ಲಿ 2007ರಿಂದ 2019ರವರೆಗಿನ 5,67,216 ಹೆರಿಗೆಗಳ ದಾಖಲೆ ನೋಡಿ 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಪಿಡ್ಯೂರಲ್ ಪಡೆದವರಲ್ಲಿ ತಾಯಿಯ ಗಂಭೀರ ತೊಡಕುಗಳು ಶೇ 35ರಷ್ಟು ಕಡಿಮೆ ಕಂಡುಬಂದವು. ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡಲಾರದು. ಕಡಿಮೆಯಾದದ್ದು ಔಷಧದಿಂದಲೋ, ಅದರ ಜೊತೆ ಬರುವ ನಿಗಾದಿಂದಲೋ ಹೇಳಲಾಗದು. ನಿಗಾದಿಂದಲೇ ಆಗಿದ್ದರೂ ನನ್ನ ವಾದಕ್ಕೆ ಅದು ಸಾಕು.

ಸರ್ಕಾರ ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ ಎಂಬುದಕ್ಕೆ ಚೀನಾ ಇದೆ. 2017ರಲ್ಲಿ ಶಾನ್‌ಷಿ ಪ್ರಾಂತ್ಯದ ಯೂಲಿನ್‌ನಲ್ಲಿ ನೋವು ತಡೆಯಲಾರದೆ ಸಿಸೇರಿಯನ್ ಕೇಳುತ್ತಿದ್ದ ತುಂಬು ಗರ್ಭಿಣಿಯೊಬ್ಬಳು ಆಸ್ಪತ್ರೆಯ ಮಹಡಿಯಿಂದ ಬಿದ್ದು ಸತ್ತಳು. ದೇಶವೇ ಆ ಸಾವಿನ ಬಗ್ಗೆ ಮಾತಾಡಿತು. 2018ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಹೆರಿಗೆ ನೋವಿನ ಉಪಶಮನಕ್ಕೆ ಪ್ರಾಯೋಗಿಕ ಯೋಜನೆ ಘೋಷಿಸಿ, 900ಕ್ಕೂ ಹೆಚ್ಚು ಆಸ್ಪತ್ರೆಗಳನ್ನು ಅದಕ್ಕೆ ಆರಿಸಿತು. 2019–21ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಅದಕ್ಕೆ ಕಾರಣಗಳು ಹಲವು, ನೋವಿನ ಭಯದಿಂದ ‘ಕೊಯ್ದುಬಿಡಿ’ ಎನ್ನುವ ಸ್ಥಿತಿಯೂ ಅವುಗಳಲ್ಲೊಂದು. ಆ ಭಯಕ್ಕೆ ಶಸ್ತ್ರಚಿಕಿತ್ಸೆಯೊಂದನ್ನೇ ಉತ್ತರವಾಗಿ ಉಳಿಸಬಾರದು.

ಶುರು ಮಾಡಬೇಕಾದದ್ದು ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್‌ನಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿಂದ. ಅರಿವಳಿಕೆ ವಿಭಾಗವಿರುವ ಇಂಥ ಕಡೆ ಹೆರಿಗೆ ವಾರ್ಡಿಗೆಂದೇ ಹಗಲು–ರಾತ್ರಿ ಪಾಳಿಯ ತಜ್ಞರನ್ನು ನೇಮಿಸಿ, ಕೇಳಿದವರಿಗೆಲ್ಲ ಉಚಿತವಾಗಿ ಎಪಿಡ್ಯೂರಲ್ ಕೊಡಬೇಕು. ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಕೈಕಟ್ಟಿ ಕೂರಬೇಕಾಗಿಲ್ಲ. ಬೇನೆ ಬಂದಾಗ ತಾನೇ ಮಾಸ್ಕ್ ಹಿಡಿದು ಉಸಿರೆಳೆದುಕೊಳ್ಳುವ ನೈಟ್ರಸ್ ಆಕ್ಸೈಡ್–ಆಮ್ಲಜನಕ ಮಿಶ್ರಣ, ಓಡಾಡಲು ಜಾಗ, ಪಕ್ಕದಲ್ಲಿ ತಾಯಿಯೋ ಅಕ್ಕನೋ ಗಂಡನೋ ಒಬ್ಬರು ಇರಲು ಅನುಮತಿ, ಇಷ್ಟು ನಾಳೆಯಿಂದಲೇ ಸಾಧ್ಯ. ಎಲ್ಲಕ್ಕಿಂತ ಮೊದಲು ಏಳನೆಯ ತಿಂಗಳ ತಪಾಸಣೆಯಲ್ಲಿ, ತಾಯಿ ಕಾರ್ಡಿನ ಜೊತೆಗೇ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಬೇಕು. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು, ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರು, ಬೆನ್ನಿನ ಶಸ್ತ್ರಚಿಕಿತ್ಸೆ ಆದವರು ಯಾರೆಂದು ಆಗಲೇ ಗೊತ್ತಾದರೆ ಅವರಿಗೆ ಬೇರೆ ದಾರಿ ಯೋಚಿಸಲು ಎರಡು ತಿಂಗಳು ಸಿಗುತ್ತದೆ. ಬೇನೆಯ ಮಧ್ಯೆ ಒಪ್ಪಿಗೆ ಪತ್ರ ಮುಂದೆ ಹಿಡಿದು ಗಂಡನದೋ ಮಾವನದೋ ಸಹಿ ಹಾಕಿಸಿಕೊಳ್ಳುವ ರೂಢಿ ನಿಲ್ಲಬೇಕು. ಆ ಹಾಳೆಯ ಕೆಳಗೆ ಸಹಿ ಅವಳದೇ ಇರಬೇಕು, ಬೇನೆಯ ನಡುವೆ ಮನಸ್ಸು ಬದಲಾದರೆ ಬದಲಾಯಿಸುವ ಹಕ್ಕೂ ಅವಳದೇ ಆಗಿರಬೇಕು.