ಕಿತ್ತಳೆ ಸಿಪ್ಪೆಯ ಬಣ್ಣ ಮತ್ತು ಶ್ರಾವಕರ ವಿವೇಕ

ಭಾದ್ರಪದದ ದಶಲಕ್ಷಣ ಪರ್ವ ಬಂತೆಂದರೆ ಮುಂಬಯಿ, ಪುಣೆಗಳ ಕನ್ನಡ ಜೈನ ಕುಟುಂಬಗಳಲ್ಲಿ ಅಡುಗೆಮನೆಯೇ ಸಾಧನೆಯ ಸ್ಥಳವಾಗುತ್ತದೆ. ನೀರನ್ನು ಸೋಸಿಯೇ ಬಳಸಲಾಗುತ್ತದೆ. ಆಲೂಗಡ್ಡೆ, ಈರುಳ್ಳಿ, ಗಜ್ಜರಿಗಳು ಹೊಸ್ತಿಲ ಹೊರಗೇ ಉಳಿಯುತ್ತವೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುತ್ತದೆ. ಇಷ್ಟು ಎಚ್ಚರವಿರುವ ಮನೆಗೇ ಪರ್ವ ಮುಗಿದ ಮರುದಿನ ಅಂಗಡಿಯಿಂದ ಕಿತ್ತಳೆ ಬಣ್ಣದ ಸಿಹಿ, ಕೆಂಪು ಪಾನೀಯ, ಮಕ್ಕಳ ಮಿಠಾಯಿ ಬರುತ್ತವೆ. ಅವುಗಳಲ್ಲಿ ಕಂದಮೂಲವಿದೆಯೇ ಎಂದು ವಿಚಾರಿಸುವವರುಂಟು. ಬಣ್ಣ ಎಲ್ಲಿಂದ ಬಂತೆಂದು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲವಿದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ರೋಡಮಿನ್-ಬಿಯಂತಹ ಬಣ್ಣಗಳು ಪತ್ತೆಯಾದದ್ದೇ ಅದಕ್ಕೆ ಕಾರಣ. ಕ್ರಮ ಸರಿಯಾದುದೇ. ಆದರೆ ಕೃತಕ ಬಣ್ಣದ ಮೇಲೆ ಭಯ ಹೆಚ್ಚಿದಂತೆ ‘ನೈಸರ್ಗಿಕ’ ಎಂಬ ಪದದ ಮೇಲೆ ವಿಶ್ವಾಸವೂ ಹೆಚ್ಚುತ್ತದೆ. ನೈಸರ್ಗಿಕವಾದುದೆಲ್ಲ ಅಹಿಂಸಕವಲ್ಲ ಎಂಬುದನ್ನು ಜೈನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕಾರ್ಮೈನ್ ಎಂಬ ಕೆಂಪು ಬಣ್ಣ ಸಂಪೂರ್ಣ ನೈಸರ್ಗಿಕ. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟಗಳನ್ನು ಕೊಂದು, ಒಣಗಿಸಿ, ಪುಡಿಮಾಡಿ ಅದನ್ನು ತೆಗೆಯುತ್ತಾರೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಸಂಖ್ಯೆ 120. ಇನ್ನೊಂದು ಸಂಖ್ಯೆ 160ಎ, ಅಂದರೆ ಕ್ಯಾರೋಟೀನ್. ಕಿತ್ತಳೆ ಹಳದಿಯ ಈ ಬಣ್ಣ ಗಜ್ಜರಿಯಿಂದ ಬಂದಿರಬಹುದು, ತಾಳೆ ಎಣ್ಣೆಯಿಂದ ಬಂದಿರಬಹುದು, ಪಾಚಿಯಿಂದಲೋ ಶಿಲೀಂಧ್ರದಿಂದಲೋ ಬಂದಿರಬಹುದು, ಕಾರ್ಖಾನೆಯಲ್ಲಿ ಸಂಶ್ಲೇಷಿತವೂ ಆಗಿರಬಹುದು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಈ ಭೇದವನ್ನು ತಿಳಿಸುವುದಿಲ್ಲ. ಅಡುಗೆಮನೆಯಲ್ಲಿ ಗಜ್ಜರಿಯನ್ನು ತ್ಯಜಿಸಿದ ಶ್ರಾವಕರು ಪೊಟ್ಟಣದೊಳಗಿನ ಗಜ್ಜರಿಯನ್ನು ಅರಿಯದೆ ಸ್ವೀಕರಿಸುವ ಸಾಧ್ಯತೆ ಹೀಗೆ ಉಳಿದುಬಿಡುತ್ತದೆ.

ಈ ಸಂದಿಗ್ಧಕ್ಕೆ ಒಂದು ನಿರ್ಮಲವಾದ ಉತ್ತರ ಕಸದ ರಾಶಿಯಲ್ಲಿದೆ. ಕಿತ್ತಳೆಯ ರಸ ತೆಗೆದ ಮೇಲೆ ಹಣ್ಣಿನ ತೂಕದ ಸುಮಾರು ಅರ್ಧದಷ್ಟು ಸಿಪ್ಪೆ, ತಿರುಳು, ಬೀಜಗಳ ರೂಪದಲ್ಲಿ ಉಳಿಯುತ್ತದೆ. ಅದನ್ನು ರಾಶಿಹಾಕಿದರೆ ಕೊಳೆತು, ಹುಳು ಹುಟ್ಟಿ, ನೀರನ್ನೂ ಕೆಡಿಸುತ್ತದೆ. ಅದೇ ಸಿಪ್ಪೆಯ ಹೊರಪದರದಲ್ಲಿ ಕ್ಯಾರೋಟಿನಾಯ್ಡ್‌ಗಳೆಂಬ ಹಳದಿ, ಕಿತ್ತಳೆ ವರ್ಣದ್ರವ್ಯಗಳಿವೆ. ಇದಕ್ಕಾಗಿ ಗಿಡವನ್ನು ಬೇರುಸಹಿತ ಕೀಳಬೇಕಿಲ್ಲ, ಕೀಟವನ್ನು ಕೊಲ್ಲಬೇಕಿಲ್ಲ. ಮರ ಹಣ್ಣು ಕೊಟ್ಟು ನಿಂತಲ್ಲೇ ನಿಂತಿರುತ್ತದೆ. ಹಣ್ಣು ಬಯಸಿದವನು ಮರವನ್ನೇ ಕಡಿಯಬೇಕೇ, ಉದುರಿದ ಹಣ್ಣನ್ನು ಆಯ್ದರೆ ಸಾಲದೇ ಎಂದು ಕೇಳುವ ಲೇಶ್ಯಾವೃಕ್ಷದ ದೃಷ್ಟಾಂತವನ್ನು ಬಾಲ್ಯದಲ್ಲೇ ಕೇಳಿದವರಿಗೆ ಇದರ ಮರ್ಮ ಸುಲಭವಾಗಿ ಹೊಳೆಯುತ್ತದೆ.

ಮೂಲ ಶುದ್ಧವಾದರೆ ಸಾಲದು, ವಿಧಾನವೂ ಶುದ್ಧವಾಗಿರಬೇಕು. ಕ್ಯಾರೋಟಿನಾಯ್ಡ್‌ಗಳು ನೀರಿನಲ್ಲಿ ಕರಗುವುದಿಲ್ಲ; ಎಣ್ಣೆಯಂತಹ ದ್ರಾವಕ ಬೇಕು. ಬಹುಕಾಲದಿಂದ ಇಂತಹ ಕೆಲಸಕ್ಕೆ ಬಳಕೆಯಲ್ಲಿರುವುದು ಪೆಟ್ರೋಲಿಯಂ ಮೂಲದ ಹೆಕ್ಸೇನ್. ಅದು ಬೇಗ ಆವಿಯಾಗುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಅದರ ಆವಿಯನ್ನು ದೀರ್ಘಕಾಲ ಉಸಿರಾಡುವ ಕಾರ್ಮಿಕರ ಕೈಕಾಲುಗಳ ನರಗಳು ದುರ್ಬಲವಾಗುತ್ತವೆ. ತಿನ್ನುವವರ ತಟ್ಟೆಯಲ್ಲಿ ಹಿಂಸೆ ಕಾಣದಿದ್ದರೂ ದುಡಿಯುವವರ ದೇಹದಲ್ಲಿ ಅದು ಉಳಿದರೆ ಅಂತಹ ಬಣ್ಣವನ್ನು ಅಹಿಂಸಕವೆನ್ನುವುದು ಹೇಗೆ?

ಪರ್ಯಾಯ ಮಾರ್ಗಗಳುಂಟು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಇರುವ ಲಿಮೋನೀನ್ ಸ್ವತಃ ಕ್ಯಾರೋಟಿನಾಯ್ಡ್‌ಗಳನ್ನು ಕರಗಿಸಬಲ್ಲದು. ಸಿಪ್ಪೆಯ ಬಣ್ಣವನ್ನು ಸಿಪ್ಪೆಯ ಎಣ್ಣೆಯೇ ಹೊರತರುತ್ತದೆ. ಎಥೆನಾಲನ್ನು ಬಳಸಿದರೆ ಅದನ್ನು ಮರಳಿ ಪಡೆದು ಮತ್ತೆ ಮತ್ತೆ ಉಪಯೋಗಿಸಬಹುದು. ಶ್ರವಣಾತೀತ ಧ್ವನಿತರಂಗಗಳನ್ನು ಹಾಯಿಸಿದರೆ ದ್ರವದಲ್ಲಿ ಹುಟ್ಟುವ ಸೂಕ್ಷ್ಮ ಗುಳ್ಳೆಗಳು ಒಡೆಯುತ್ತ ಸಿಪ್ಪೆಯ ಕೋಶಭಿತ್ತಿಯನ್ನು ಭೇದಿಸುತ್ತವೆ. ಕಡಿಮೆ ದ್ರಾವಕದಲ್ಲಿ, ಕಡಿಮೆ ಸಮಯದಲ್ಲಿ ಬಣ್ಣ ಹೊರಬರುತ್ತದೆ. ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣದಲ್ಲಿ, ವಾಯುಮಂಡಲದ ಒತ್ತಡದ 73 ಪಟ್ಟಿಗೂ ಮೀರಿ ಅದುಮಿದರೆ ಅದು ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬಂದು ದ್ರಾವಕದಂತೆ ವರ್ತಿಸುತ್ತದೆ. ಒತ್ತಡ ಇಳಿಸಿದೊಡನೆ ಅನಿಲವಾಗಿ ಹೊರಟುಹೋಗುತ್ತದೆ; ಬಣ್ಣದಲ್ಲಿ ಅದರ ಶೇಷ ಉಳಿಯುವುದಿಲ್ಲ.

ಇವು ನಿರ್ದೋಷ ಮಾರ್ಗಗಳೆಂದು ಹೊಗಳುವುದು ಸತ್ಯವ್ರತಕ್ಕೆ ಸಲ್ಲದು. ಲಿಮೋನೀನ್ 176 ಡಿಗ್ರಿಯಲ್ಲಿ ಕುದಿಯುವುದರಿಂದ ಅದನ್ನು ಬೇರ್ಪಡಿಸುವಾಗ ಎಚ್ಚರ ತಪ್ಪಿದರೆ ಬಣ್ಣವೇ ಕೆಡುತ್ತದೆ. ಅಧಿಕ ಒತ್ತಡದ ಯಂತ್ರಗಳು ದುಬಾರಿ, ವಿದ್ಯುತ್ತೂ ಬೇಕು. ಎಥೆನಾಲ್ ತಯಾರಿಕೆಯಲ್ಲಿ ಹುದುಗುವಿಕೆಯುಂಟು. ತೋಟದಲ್ಲಿ ಸಿಂಪಡಿಸಿದ ಕೀಟನಾಶಕದ ಶೇಷ ಹೆಚ್ಚಾಗಿ ಸಿಪ್ಪೆಯಲ್ಲೇ ನಿಲ್ಲುತ್ತದೆ. ಆದರೂ ಆಚಾರ್ಯರು ಗೃಹಸ್ಥರಿಗೆ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಲು ಹೇಳಿ, ಉದ್ಯೋಗದ ಹಿಂಸೆಯನ್ನು ವಿವೇಕದಿಂದ ಕಡಿಮೆಮಾಡಿಕೊಳ್ಳಲು ಹೇಳಿದ್ದಾರೆ. ಕೇವಲ ಕಣ್ಣಿನ ತೃಪ್ತಿಗಾಗಿ ಜೀವಿಗಳನ್ನೂ ಕಾರ್ಮಿಕರನ್ನೂ ನೋಯಿಸುವುದು ಅನರ್ಥದಂಡವೇ ಸರಿ. ಬಣ್ಣವಿಲ್ಲದೆ ನಡೆಯುವಲ್ಲಿ ಬಣ್ಣವನ್ನೇ ಬಿಡುವುದು ಮೊದಲ ಹೆಜ್ಜೆ. ಬೇಕೇ ಆದಲ್ಲಿ ಅಲ್ಪ ಹಿಂಸೆಯ ಬಣ್ಣವನ್ನು ಆರಿಸುವುದು ಎರಡನೆಯದು.

ಇಲ್ಲಿ ಸರ್ಕಾರದ ಕರ್ತವ್ಯವೂ ಇದೆ. 2021ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆಹಾರದ ಘಟಕಗಳ ಸಂಕೇತ ಸಂಖ್ಯೆಯನ್ನಷ್ಟೇ ಬರೆದರೆ ಸಾಲದು, ಅವು ಸಸ್ಯಮೂಲವೋ ಪ್ರಾಣಿಮೂಲವೋ ಪ್ರಯೋಗಾಲಯದಲ್ಲಿ ತಯಾರಾದುವೋ ಎಂಬುದನ್ನೂ ತಿಳಿಸಬೇಕೆಂದು ನಿರ್ದೇಶಿಸಿತು. ಆ ತತ್ತ್ವವನ್ನು ಇನ್ನೊಂದು ಹೆಜ್ಜೆ ಮುಂದೊಯ್ಯಬೇಕು: ಯಾವ ಸಸ್ಯದ ಯಾವ ಭಾಗ, ಯಾವ ದ್ರಾವಕ ಎಂಬುದೂ ಪೊಟ್ಟಣದ ಮೇಲೆ ಬರಬೇಕು. ಒಂದು ಸಣ್ಣ ಸಮುದಾಯದ ವ್ರತಕ್ಕಾಗಿ ಕಾನೂನು ಏಕೆ ಎಂದು ಕೆಲವರು ಕೇಳಬಹುದು. ಅಮೆರಿಕದಲ್ಲಿ 2011ರಿಂದ ಕಾರ್ಮೈನಿನ ಹೆಸರನ್ನು ಸ್ಪಷ್ಟವಾಗಿ ಬರೆಯುವುದು ಕಡ್ಡಾಯವಾದದ್ದು ಯಾವ ಧರ್ಮದ ವ್ರತಕ್ಕಾಗಿಯೂ ಅಲ್ಲ. ಅಲರ್ಜಿಯಿಂದ ಬಳಲುವವರ ರಕ್ಷಣೆಗಾಗಿ. ತಿನ್ನುವುದೇನೆಂದು ತಿಳಿಯುವ ಹಕ್ಕು ಎಲ್ಲರದು.

ಸಮಾಜದ ಕರ್ತವ್ಯ ಇನ್ನೂ ಹತ್ತಿರದ್ದು. ಕಿತ್ತಳೆಯ ನಾಡಾದ ನಾಗಪುರ ಮಹಾರಾಷ್ಟ್ರದಲ್ಲೇ ಇದೆ. ಅಲ್ಲಿ ಕೇಂದ್ರದ ನಿಂಬೆಜಾತಿ ಹಣ್ಣುಗಳ ಸಂಶೋಧನಾ ಸಂಸ್ಥೆಯೂ ಇದೆ. ವ್ಯಾಪಾರದಲ್ಲಿ ಹೆಸರಾದ ಜೈನ ಕುಟುಂಬಗಳು ಪುಣೆ, ಮುಂಬಯಿಗಳಲ್ಲಿ ಕಡಿಮೆಯಿಲ್ಲ. ಪಂಚಕಲ್ಯಾಣದ ಮೆರವಣಿಗೆಗೆ ಸುರಿಯುವ ಹಣದ ಒಂದು ಅಂಶ ಸಿಪ್ಪೆಯಿಂದ ಬಣ್ಣ ತೆಗೆಯುವ ಒಂದು ಸಣ್ಣ ಘಟಕಕ್ಕೆ ಸಲ್ಲಲಿ. ರಸಾಯನಶಾಸ್ತ್ರ ಓದಿದ ತರುಣ ತರುಣಿಯರಿಗೆ ಅಲ್ಲಿ ಕೆಲಸ ಸಿಗಲಿ. ಅಷ್ಟಾಗುವ ಮೊದಲು, ಬಸದಿಯ ಸಾಮೂಹಿಕ ಭೋಜನದ ಗುತ್ತಿಗೆ ಪಡೆಯುವ ಅಡುಗೆಯವರನ್ನು ಈರುಳ್ಳಿ ಆಲೂಗಡ್ಡೆಗಳ ಬಗ್ಗೆ ಕೇಳುವಾಗಲೇ ಬಣ್ಣದ ಬಗ್ಗೆಯೂ ಕೇಳುವ ರೂಢಿ ಬರಲಿ. ಆ ಒಂದು ಪ್ರಶ್ನೆಗೆ ಖರ್ಚೇನೂ ಇಲ್ಲ. ಅದನ್ನು ನೂರು ಮನೆಗಳು ಕೇಳತೊಡಗಿದರೆ ಪೇಟೆಯೂ ಉತ್ತರ ಹುಡುಕಲೇಬೇಕಾಗುತ್ತದೆ.